ಹದಿನಾರರ ಮಗನ ಕೈಗೆ ಸ್ಕೂಟರ್ ಕೀ ಕೊಡಬಹುದೇ?

ಓದುಗರ ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ. ಹೆದ್ದಾರಿಯಿಂದ ಒಂದೂವರೆ ಕಿಲೋಮೀಟರ್ ಒಳಗೆ ನಮ್ಮ ಊರು. ಮಗನಿಗೆ ಹದಿನಾರು ತುಂಬಿದೆ, ಫಸ್ಟ್ ಪಿಯುಸಿ ಸೈನ್ಸ್. ಕಾಲೇಜು ಎಂಟು ಕಿಲೋಮೀಟರ್ ದೂರ. ಬೆಳಗ್ಗೆ ಆರಕ್ಕೇ ಟ್ಯೂಷನ್, ಆ ಹೊತ್ತಿಗೆ ಬಸ್ಸಿಲ್ಲ. ಯಜಮಾನರು ದಿನಾ ಬಿಟ್ಟು ಬರುತ್ತಾರೆ; ಅಷ್ಟರಲ್ಲಿ ಡೇರಿಗೆ ಹಾಲು ಹಾಕುವ ಹೊತ್ತು ಮೀರುತ್ತದೆ. ಮನೆಯಲ್ಲಿ ಆಕ್ಟಿವಾ ಇದೆ. ಮಗ ಊರೊಳಗೆ ಚೆನ್ನಾಗಿಯೇ ಓಡಿಸುತ್ತಾನೆ, ಕಾಲೇಜಿಗೂ ತೆಗೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ‘ಅವನ ಓರಗೆಯವರೆಲ್ಲ ಓಡಿಸ್ತಾರೆ, ನಮ್ಮ ಕಡೆ ಯಾರು ಹಿಡೀತಾರೆ’ ಅನ್ನುತ್ತಾರೆ ಯಜಮಾನರು. ನನಗೆ ಭಯ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಚಿಕ್ಕ ಮಗ ಹದಿನಾರಕ್ಕೇ ಲೈಸೆನ್ಸ್ ತೆಗೆದುಕೊಂಡು ಕಾರು ಓಡಿಸುತ್ತಾನೆ. ವಿಚಿತ್ರವೆಂದರೆ ಅವನ ಅಣ್ಣನಿಗೆ ಹತ್ತೊಂಬತ್ತಾದರೂ ಲೈಸೆನ್ಸೇ ಬೇಡವಂತೆ. ಅಲ್ಲಿ ಸರಿಯಾದದ್ದು ಇಲ್ಲಿ ಯಾಕೆ ತಪ್ಪು? ಎಲೆಕ್ಟ್ರಿಕ್ ಸ್ಕೂಟರ್ ಆದರೆ ಪರವಾಗಿಲ್ಲವೇ? ಎಂಟನೇ ಕ್ಲಾಸಿನ ಮಗಳೂ ಇದ್ದಾಳೆ. ಅವಳಿಗೆ ಸ್ಕೂಲ್ ವ್ಯಾನ್ ಇರುವುದರಿಂದ ಆ ಚಿಂತೆಯಿಲ್ಲ.

ಉತ್ತರ: ಕೊಡಬೇಡಿ. ಊರೊಳಗೆ ಓಡಿಸುವುದನ್ನೂ ಇವತ್ತಿಗೇ ನಿಲ್ಲಿಸಿ. ನಿಮ್ಮ ಭಯ ಸರಿಯಾಗಿದೆ. ಆದರೆ ನೀವು ಭಯಪಡಬೇಕಾದ ಸಂಗತಿಗಳು ನಿಮ್ಮ ಪತ್ರದಲ್ಲಿರುವುದಕ್ಕಿಂತ ಹೆಚ್ಚಿವೆ. ಮೋಟಾರು ಅಪಘಾತ ಪರಿಹಾರದ ಪ್ರಕರಣಗಳನ್ನು ನಡೆಸುವ ವಕೀಲ ನಾನು. ನಿಮ್ಮ ಯಜಮಾನರಂಥ ತಂದೆಯರನ್ನು ಸಾಕ್ಷಿ ಕಟ್ಟೆಯಲ್ಲಿ ನೋಡುತ್ತಲೇ ಇರುತ್ತೇನೆ. ಅವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಬೆಳಗ್ಗೆ ಹಾಲು ಹಾಕುವುದೋ ಅಂಗಡಿ ತೆರೆಯುವುದೋ ಏನಾದರೊಂದು ಇದ್ದೇ ಇತ್ತು.

ಮೊದಲು ಕಾನೂನು ಹೇಳಿ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸಲು 18 ತುಂಬಿರಬೇಕು. ಒಂದು ವಿನಾಯಿತಿ ಉಂಟು: 50 ಸಿಸಿ ಮೀರದ ಮೋಟಾರ್‌ಸೈಕಲ್ಲನ್ನು 16 ತುಂಬಿದವರು, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ ಲೈಸೆನ್ಸ್ ಪಡೆದು ಓಡಿಸಬಹುದು. ಆ ವಿನಾಯಿತಿ ಬರೆದ ಕಾಲಕ್ಕೆ ಅದಕ್ಕೆ ಅರ್ಥವಿತ್ತು. ಲೂನಾ ಇತ್ತು, ಟಿವಿಎಸ್ 50 ಇತ್ತು, ಆಮೇಲೆ ಬಜಾಜ್ ಸನ್ನಿ ಬಂತು. ಗಂಟಲು ಹರಿದುಕೊಂಡರೂ ಐವತ್ತು ದಾಟದ ಗಾಡಿಗಳು ಅವು. ಇವತ್ತು ಶೋರೂಮಿನಲ್ಲಿ ಅಂಥ ಪೆಟ್ರೋಲ್ ಗಾಡಿ ಸಿಗುವುದಿಲ್ಲ. ತೆಂಗಿನಕಾಯಿ ಚೀಲ ಹೇರುವ ಟಿವಿಎಸ್ ಎಕ್ಸೆಲ್ ಕೂಡ ಈಗ 100 ಸಿಸಿಯದು. ನಿಮ್ಮ ಆಕ್ಟಿವಾ ಸುಮಾರು 110 ಸಿಸಿ, ತೂಕ ನೂರು ಕೆ.ಜಿ.ಗೂ ಮೇಲು. ಹಾಗಾಗಿ ವಿನಾಯಿತಿ ಪುಸ್ತಕದಲ್ಲಿದೆ, ರಸ್ತೆಯಲ್ಲಿಲ್ಲ.

‘ಯಾರು ಹಿಡೀತಾರೆ’ ಎಂಬ ಮಾತಿಗೆ ಬರೋಣ. ನಿಮ್ಮ ಕಡೆ ದಿನಾ ಹಿಡಿಯಲಿಕ್ಕಿಲ್ಲ, ನಿಜ. ಆದರೆ 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ, ಅದೇ ಕಾಯ್ದೆಯ 199ಎ ಸೆಕ್ಷನ್ ಹುಡುಗನಿಗಿಂತ ಹೆಚ್ಚಾಗಿ ಮನೆಯವರನ್ನು ಹಿಡಿಯುತ್ತದೆ. ಅಪ್ರಾಪ್ತರು ಕಾಯ್ದೆಯಡಿ ಅಪರಾಧ ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವಂತಿಲ್ಲ. ಕೊನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬೇರೆಯವರ ಹಿಂದೆ ಕೂತು ಆಫೀಸಿಗೆ ಹೋಗಬೇಕಾದ ಪರಿಸ್ಥಿತಿ ಅದು. ನಮ್ಮ ರಾಜ್ಯದ ನ್ಯಾಯಾಲಯಗಳು ಮಕ್ಕಳಿಗೆ ಗಾಡಿ ಕೊಟ್ಟ ತಂದೆ ತಾಯಿಗೆ 25,000 ದಂಡ ಹಾಕಿದ ಸುದ್ದಿ ಈಗ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ.

‘ನನಗೆ ಗೊತ್ತಿಲ್ಲದೆ ತೆಗೆದುಕೊಂಡು ಹೋದ ಸ್ವಾಮಿ’ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಒಪ್ಪಿಗೆ ಇತ್ತು ಎಂದೇ ಕೋರ್ಟು ಭಾವಿಸಿಕೊಳ್ಳುತ್ತದೆ. ಇರಲಿಲ್ಲ, ಅಥವಾ ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಎಂದು ರುಜುವಾತು ಮಾಡುವ ಹೊಣೆ ನಿಮ್ಮದು. ಎದುರು ಪಕ್ಷದ ವಕೀಲರು ಕೇಳುವುದು ಒಂದೇ ಪ್ರಶ್ನೆ: ‘ಕೀ ಎಲ್ಲಿಟ್ಟಿದ್ದಿರಿ?’ ಬಾಗಿಲ ಪಕ್ಕದ ಮೊಳೆಯಲ್ಲಿ ಎಂದಿರೋ, ಕಥೆ ಅಲ್ಲಿಗೇ ಮುಗಿಯಿತು. ಊರವರೆಲ್ಲ ಅವನು ಓಡಿಸುವುದನ್ನು ದಿನಾ ನೋಡಿರುವಾಗ ಇನ್ನೇನು ಹೇಳಿದರೂ ನಿಲ್ಲುವುದಿಲ್ಲ. ಹೌದು, ನಿಮ್ಮ ಊರೊಳಗಿನ ರಸ್ತೆಯೂ ಸಾರ್ವಜನಿಕ ಸ್ಥಳವೇ. ಸ್ವಂತ ಕಣ, ಬೇಲಿಯೊಳಗಿನ ತೋಟ ಮಾತ್ರ ಅಲ್ಲ.

ದಂಡ, ಜೈಲು ಎಂದರೆ ಹೆದರದವರೂ ಈ ಲೆಕ್ಕಕ್ಕೆ ಹೆದರುತ್ತಾರೆ. ನಿಮ್ಮ ಮಗನ ಸ್ಕೂಟರ್ ಒಬ್ಬರಿಗೆ ಬಡಿಯಿತು, ಅವರು ತೀರಿಕೊಂಡರು ಎಂದಿಟ್ಟುಕೊಳ್ಳಿ. ವಯಸ್ಸು 35, ಸ್ವಂತ ಉದ್ಯೋಗ, ತಿಂಗಳಿಗೆ 25,000 ದುಡಿಮೆ, ಹೆಂಡತಿ ಮತ್ತು ಎರಡು ಮಕ್ಕಳು. ಸುಪ್ರೀಂ ಕೋರ್ಟು 2009 ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರದಂತೆ ಮುಂದಿನ ಗಳಿಕೆಯ ಬಾಬ್ತು ಶೇ 40 ಸೇರಿಸಿದರೆ 35,000. ಅವರ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ ತಿಂಗಳಿಗೆ 23,333. ವರ್ಷಕ್ಕೆ 2.8 ಲಕ್ಷ. ಆ ವಯಸ್ಸಿನ ಗುಣಕ 16, ಅಂದರೆ ವರ್ಷದ ಮೊತ್ತವನ್ನು 16ರಿಂದ ಗುಣಿಸಬೇಕು. ಒಟ್ಟು 44.8 ಲಕ್ಷ. ಇದರ ಮೇಲೆ ಅಂತ್ಯಕ್ರಿಯೆ ಮತ್ತಿತರ ಬಾಬ್ತು, ಅದರ ಮೇಲೆ ಬಡ್ಡಿ.

‘ಇನ್ಶೂರೆನ್ಸ್ ಇದೆಯಲ್ಲ’ ಎನ್ನುತ್ತೀರಿ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟರೆ ಅದು ಪಾಲಿಸಿಯ ಷರತ್ತಿನ ಉಲ್ಲಂಘನೆ. ಇಂಥ ಕಡೆ ಸತ್ತವರ ಮನೆಯವರು ಬೀದಿಗೆ ಬೀಳಬಾರದೆಂದು, ಕಂಪನಿ ಮೊದಲು ಹಣ ಕಟ್ಟಿ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯ ಆದೇಶಿಸುವುದುಂಟು. ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಬಂದ ದಾರಿ ಅದು. ವಸೂಲು ಎಂದರೆ ನಿಮ್ಮ ಪಹಣಿ, ನಿಮ್ಮ ಮನೆ. ಇನ್ನು ನಿಮ್ಮ ಮಗನಿಗೇ ಪೆಟ್ಟಾದರೆ? ಮಾಲೀಕ ಚಾಲಕರಿಗೆಂದು ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಿಗುವುದು ನೋಂದಾಯಿತ ಮಾಲೀಕರಿಗೆ, ಅದೂ ಲೈಸೆನ್ಸ್ ಇದ್ದರೆ. ಅವನು ಆ ಪಾಲಿಸಿಗೆ ಮೂರನೆಯವನೂ (ಗಾಡಿ ಬಡಿದ ಹೊರಗಿನವನೂ) ಅಲ್ಲ, ಮಾಲೀಕನೂ ಅಲ್ಲ. ಆಸ್ಪತ್ರೆಯ ಬಿಲ್ಲು ಪೂರ್ತಿ ನಿಮ್ಮದು.

ಇಲ್ಲಿ ಊರಿನ ಹಿರಿಯರೊಬ್ಬರು ಒಂದು ಉಪಾಯ ಹೇಳುತ್ತಾರೆ. ಪ್ರತಿ ಊರಿನಲ್ಲೂ ಅಂಥವರು ಒಬ್ಬರು ಇರುತ್ತಾರೆ. ಗಾಡಿ ಓಡಿಸುತ್ತಿದ್ದವನು ಹುಡುಗನಲ್ಲ, ಅವನ ಚಿಕ್ಕಪ್ಪ ಎಂದು ಬರೆಸಿಬಿಡಿ ಅಂತ. ದಯವಿಟ್ಟು ಆ ದಾರಿ ತುಳಿಯಬೇಡಿ. ಹುಡುಗನನ್ನು ಆಸ್ಪತ್ರೆಗೆ ಒಯ್ದ ಕೂಡಲೇ ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು ಆಸ್ಪತ್ರೆಯವರು ಬರೆದಿಡುವ ಪುಸ್ತಕ) ‘ಸ್ಕೂಟರ್ ಓಡಿಸುವಾಗ ಬಿದ್ದು’ ಎಂದು ಬರೆದಾಗಿರುತ್ತದೆ. ವೈದ್ಯರು ಕೊಡುವ ಗಾಯದ ಪ್ರಮಾಣಪತ್ರದಲ್ಲಿ (ವೂಂಡ್ ಸರ್ಟಿಫಿಕೇಟ್) ಗಾಯ ಅವನಿಗೆ, ಚಿಕ್ಕಪ್ಪನ ಮೈಮೇಲೆ ಒಂದು ತರಚೂ ಇಲ್ಲ. ವಿಮಾ ಕಂಪನಿಯ ವಕೀಲರು ಮೊದಲು ತರಿಸುವುದೇ ಆ ದಾಖಲೆ. ಅಲ್ಲಿಗೆ ಒಂದು ಅಪರಾಧದ ಜಾಗದಲ್ಲಿ ಎರಡಾಗುತ್ತದೆ, ಸುಳ್ಳು ಹೇಳಿದವರ ಪಟ್ಟಿಯಲ್ಲಿ ನಿಮ್ಮ ಮೈದುನನೂ ಸೇರುತ್ತಾರೆ.

ಎಲೆಕ್ಟ್ರಿಕ್ ಗಾಡಿಯ ವಿಷಯ ಬೇಗ ಮುಗಿಯುತ್ತದೆ. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದ್ದು, ಇಂಥ ಗಾಡಿಯನ್ನು ನಿಯಮಗಳು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ನಂಬರ್ ಪ್ಲೇಟ್ ಬೇಡ, ಲೈಸೆನ್ಸ್ ಬೇಡ. ಉಳಿದ ಎಲೆಕ್ಟ್ರಿಕ್ ಸ್ಕೂಟರುಗಳೆಲ್ಲ ಆಕ್ಟಿವಾದಷ್ಟೇ ಸ್ಕೂಟರುಗಳು. ತೊಂದರೆ ಇರುವುದು ನಡುವೆ. ಅಂಗಡಿಯಲ್ಲಿ 25ರದ್ದೆಂದು ಕೊಂಡು, ಮರುದಿನವೇ ವೇಗದ ಮಿತಿ ತೆಗೆಸಿ 45ರಲ್ಲಿ ಓಡಿಸುತ್ತಾರೆ. ಮಿತಿ ತೆಗೆಸಿದ ಕ್ಷಣಕ್ಕೆ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಪೆಟ್ರೋಲ್ ಸ್ಕೂಟರಿಗಿಂತ ಕೆಟ್ಟ ಸ್ಥಿತಿ. ಮಿತಿ ಮುಟ್ಟದೆ ಇಟ್ಟುಕೊಂಡರೂ, ಲಾರಿಗಳು 80ರಲ್ಲಿ ಬರುವ ಹೆದ್ದಾರಿಗೆ 25ರ ಗಾಡಿಯಲ್ಲಿ ಹುಡುಗನನ್ನು ಕಳಿಸುವುದಕ್ಕೆ ನಾನು ಒಪ್ಪುವುದಿಲ್ಲ. ಊರಿಂದ ಹೆದ್ದಾರಿವರೆಗಿನ ಒಂದೂವರೆ ಕಿಲೋಮೀಟರಿಗೆ ಬೇಕಾದರೆ ಸರಿ. ಅಷ್ಟಕ್ಕೆ ಸೈಕಲ್ಲೇ ಸಾಕು.

ಈಗ ಕ್ಯಾಲಿಫೋರ್ನಿಯಾ. ‘ಅಲ್ಲಿ ಸರಿ, ಇಲ್ಲಿ ಯಾಕೆ ತಪ್ಪು’ ಎಂದು ಬರೆದಿದ್ದೀರಿ. ನಿಮ್ಮ ತಂಗಿಯ ಮಗ ಹದಿನಾರಕ್ಕೆ ಹೇಗೆ ಕಾರು ಹತ್ತಿದ ಎಂದು ಅವರನ್ನೇ ಫೋನಿನಲ್ಲಿ ಕೇಳಿ ನೋಡಿ. ಹದಿನೈದೂವರೆಗೆ ಪರ್ಮಿಟ್. ಅದನ್ನು ಕನಿಷ್ಠ ಆರು ತಿಂಗಳು ಇಟ್ಟುಕೊಂಡಿರಬೇಕು. ಆ ಅವಧಿಯಲ್ಲಿ ದೊಡ್ಡವರು ಪಕ್ಕದಲ್ಲಿ ಕೂತು 50 ಗಂಟೆ ಓಡಿಸುವ ಅಭ್ಯಾಸ ಮಾಡಿಸಬೇಕು, ಅದರಲ್ಲಿ 10 ಗಂಟೆ ರಾತ್ರಿ. ಕ್ಲಾಸು ಬೇರೆ, ತರಬೇತುದಾರರ ಜೊತೆಗಿನ ಪಾಠ ಬೇರೆ. ಪರೀಕ್ಷೆ ಪಾಸಾದ ಮೇಲೆ ಸಿಗುವುದೂ ಅರ್ಧ ಲೈಸೆನ್ಸೇ. ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಒಬ್ಬನೇ ಓಡಿಸುವಂತಿಲ್ಲ; 20ರೊಳಗಿನ ಗೆಳೆಯರನ್ನು ದೊಡ್ಡವರಿಲ್ಲದೆ ಕೂರಿಸಿಕೊಳ್ಳುವಂತಿಲ್ಲ. 18ರೊಳಗೆ ಸ್ಟೀರಿಂಗ್ ಹಿಡಿದಾಗ ಫೋನ್ ಮುಟ್ಟುವಂತಿಲ್ಲ, ಕಿವಿಗೆ ಇಯರ್‌ಫೋನ್ ಹಾಕಿ ಮಾತಾಡುತ್ತೇನೆ ಎಂದರೂ ಇಲ್ಲ. ಇಷ್ಟಾಗಿ ಅದು ಕಾರು: ಸೀಟ್ ಬೆಲ್ಟು, ಏರ್‌ಬ್ಯಾಗು, ಸುತ್ತ ಉಕ್ಕಿನ ಗೂಡು. ಅದೇ ರಾಜ್ಯದಲ್ಲಿ ದ್ವಿಚಕ್ರದ ಲೈಸೆನ್ಸ್ ಬೇಕೆಂದರೆ 21ರೊಳಗಿನವರು ತರಬೇತಿ ಕೋರ್ಸ್ ಮುಗಿಸಿ, ಪರ್ಮಿಟ್ ಹಿಡಿದು ಮತ್ತೆ ಆರು ತಿಂಗಳು ಕಾಯಬೇಕು.

ಈ ಮೆಟ್ಟಿಲು ಮೆಟ್ಟಿಲಿನ ಪದ್ಧತಿಯನ್ನು ಮೊದಲು ತಂದದ್ದು ನ್ಯೂಜಿಲೆಂಡ್, 1987ರಲ್ಲಿ. ಅಮೆರಿಕದಲ್ಲಿ 1996ರಲ್ಲಿ ಫ್ಲೋರಿಡಾ ಶುರು ಮಾಡಿತು, ಉಳಿದ ರಾಜ್ಯಗಳು ಹಿಂಬಾಲಿಸಿದವು. ಜರ್ಮನಿಯಲ್ಲಿ 17ಕ್ಕೆ ಓಡಿಸಬಹುದು, ಆದರೆ 18 ತುಂಬುವವರೆಗೆ ಹೆಸರು ಬರೆಸಿದ ಹಿರಿಯರೊಬ್ಬರು ಪಕ್ಕದಲ್ಲಿರಬೇಕು. ಹದಿಹರೆಯದವರಿಗೆ ಕೈಕಾಲು ಬೇಗ ಪಳಗುತ್ತದೆ, ಅಪಾಯ ತೂಗುವ ಬುದ್ಧಿ ನಿಧಾನಕ್ಕೆ ಬರುತ್ತದೆ ಎಂಬುದನ್ನು ಆ ದೇಶಗಳು ಒಪ್ಪಿಕೊಂಡಿವೆ. ಮುಂದಾಲೋಚನೆಗೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುಭಾಗದಲ್ಲಿ. ಗೆಳೆಯರು ಪಕ್ಕದಲ್ಲಿದ್ದರೆ ಅದೇ ಹುಡುಗ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾನೆ ಎಂಬುದೂ ಪ್ರಯೋಗಗಳಲ್ಲಿ ಕಂಡ ಸಂಗತಿ. ನಿಮ್ಮ ಮಗ ‘ಚೆನ್ನಾಗಿಯೇ ಓಡಿಸುತ್ತಾನೆ’ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಊರೊಳಗೆ, ಒಬ್ಬನೇ, ಹಗಲು ಹೊತ್ತಿನಲ್ಲಿ ಚೆನ್ನಾಗಿಯೇ ಓಡಿಸುತ್ತಿರಬಹುದು. ಕಾಲೇಜಿನಿಂದ ಹೊರಡುವಾಗ ಹಿಂದೆ ಇಬ್ಬರು ಹತ್ತುತ್ತಾರೆ. ಯೂ ಟರ್ನ್ ದೂರವೆಂದು ಸರ್ವಿಸ್ ರಸ್ತೆಯಲ್ಲಿ ರಾಂಗ್ ಸೈಡಿಗೆ ತಿರುಗಿಸು ಎನ್ನುತ್ತಾರೆ. ಆಗ ಬೇಡ ಎನ್ನುವ ವಯಸ್ಸು ಹದಿನಾರಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ದ್ವಿಚಕ್ರದ ಮೇಲಿದ್ದವರು, ಸುಮಾರು 50,000 ಮಂದಿ ಹೆಲ್ಮೆಟ್ ಹಾಕದವರು.

ತಂಗಿಯ ದೊಡ್ಡ ಮಗನ ವಿಷಯ ನಿಮಗೆ ವಿಚಿತ್ರವೆನಿಸಿದೆ. ನನಗೆ ಈ ಪತ್ರದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದೇ. ಅವನೊಬ್ಬನೇ ಹಾಗಲ್ಲ. 1983ರಲ್ಲಿ ಅಮೆರಿಕದ ಹದಿನಾರು ವರ್ಷದವರಲ್ಲಿ ಶೇ 46ರಷ್ಟು ಮಂದಿಯ ಹತ್ತಿರ ಲೈಸೆನ್ಸ್ ಇತ್ತು. 2014ರ ಹೊತ್ತಿಗೆ ಅದು ಶೇ 25ರ ಒಳಗೆ ಇಳಿದಿತ್ತು. ಒಂದು ಕಾಲಕ್ಕೆ ಅಲ್ಲಿ ಹದಿನಾರನೇ ಹುಟ್ಟುಹಬ್ಬದ ದಿನ ಲೈಸೆನ್ಸ್ ಕಚೇರಿಯ ಮುಂದೆ ನಿಲ್ಲುವುದು ಒಂದು ಸಂಸ್ಕಾರದ ಹಾಗೆ ನಡೆಯುತ್ತಿತ್ತು. ಈಗ ಹುಡುಗರಿಗೆ ಆ ಅವಸರವಿಲ್ಲ. ಗೆಳೆಯರು ಫೋನಿನಲ್ಲೇ ಸಿಗುತ್ತಾರೆ, ಬೇಕೆಂದಾಗ ಬಾಡಿಗೆ ಕಾರು ಬರುತ್ತದೆ. ಹದಿಹರೆಯದವರ ಹೆಸರು ಸೇರಿಸಿದರೆ ಕಾರಿನ ವಿಮೆ ಮನೆಯವರ ಜೇಬು ಸುಡುತ್ತದೆ, ಮೆಟ್ಟಿಲಿನ ಪದ್ಧತಿಯ ತೊಡಕು ಬೇರೆ. ಆದರೆ ಅವನ ಅಪ್ಪ ಅಮ್ಮನಿಗೆ ಇದು ಕಸಿವಿಸಿ ಉಂಟುಮಾಡುತ್ತಿರಬಹುದು. ಕಾರಿಲ್ಲದೆ ಹಾಲು ತರಲಾಗದ ಬಡಾವಣೆಯಲ್ಲಿ ಮಗನಿಗೆ ಕಾರು ಬೇಡವೆಂದರೆ ಅವನ ಓಡಾಟವೆಲ್ಲ ಇನ್ನೊಬ್ಬರ ಸೀಟಿನಲ್ಲೇ.

ನಮ್ಮಲ್ಲಿ ನಡೆದಿರುವುದು ಇನ್ನೊಂದು ಬಗೆ. ನನ್ನ ವಯಸ್ಸಿನವರು ಬಾಡಿಗೆ ಸೈಕಲ್ ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ಸೈಕಲ್ ಪಡೆದು, ಬಾರಿನ ಕೆಳಗಿಂದ ಕಾಲು ತೂರಿಸಿ ಪೆಡಲ್ ತುಳಿದವರು. ಬಿದ್ದೆವು, ಮಂಡಿ ತರಚಿಕೊಂಡೆವು, ಬಸ್ಸಿನ ಹಾರ್ನ್ ಎಷ್ಟು ದೂರದಿಂದ ಬರುತ್ತಿದೆ ಎಂದು ಕಿವಿಯಲ್ಲೇ ಅಳೆಯುವುದನ್ನು ಕಲಿತೆವು. ಆ ಕಾಲವನ್ನು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ರಸ್ತೆಯಲ್ಲಿ ಗಾಡಿಗಳೇ ಕಡಿಮೆಯಿದ್ದವು, ಅಷ್ಟೇ. ಆದರೆ ಹದಿನೆಂಟಕ್ಕೆ ಮೋಟಾರು ಗಾಡಿ ಮುಟ್ಟುವಾಗ ಏಳೆಂಟು ವರ್ಷ ರಸ್ತೆಯಲ್ಲಿ ಓಡಾಡಿದ ಅಭ್ಯಾಸ ನಮ್ಮ ಹಿಂದಿರುತ್ತಿತ್ತು.

ನಿಮ್ಮ ಮಗನಿಗೆ ಏನಿದೆ? ಎಲ್‌ಕೆಜಿಯಿಂದ ಹತ್ತನೇ ಕ್ಲಾಸಿನವರೆಗೆ ಹಳದಿ ವ್ಯಾನು ಎಂದು ಊಹಿಸುತ್ತೇನೆ. ಮನೆ ಬಾಗಿಲಲ್ಲಿ ಹತ್ತಿ ಶಾಲೆಯ ಗೇಟಿನೊಳಗೆ ಇಳಿದದ್ದು. ಹೆದ್ದಾರಿಯನ್ನು ಒಬ್ಬನೇ ದಾಟಿದ್ದು ಎಷ್ಟು ಸಲ ಎಂದು ಅವನನ್ನೇ ಕೇಳಿ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಕೊನೆಯ ಬಸ್ಸು ತಪ್ಪಿದರೆ ಏನು ಮಾಡಬೇಕು, ಗೊತ್ತೇ? ಹತ್ತು ವರ್ಷ ಮಗುವನ್ನು ನೆಲಕ್ಕೆ ಕಾಲಿಡಲು ಬಿಡದೆ, ಹದಿನಾರಕ್ಕೆ ಒಮ್ಮೆಲೇ 110 ಸಿಸಿಯ ಮೇಲೆ ಕೂರಿಸಲು ಹೊರಟಿದ್ದೇವೆ. ನನ್ನ ತಕರಾರು ಇರುವುದು ಈ ನೆಗೆತದ ಬಗ್ಗೆ. ಅಮೆರಿಕದವರು ಮಧ್ಯದಲ್ಲಿ ಮೆಟ್ಟಿಲು ಕಟ್ಟಿದರು. ನಾವು ಇದ್ದ ಮೆಟ್ಟಿಲನ್ನೂ ಕಿತ್ತು ಹಾಕಿದೆವು. ಸರ್ಕಾರ 2006–07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಖಾಸಗಿ ಶಾಲೆಯ ವ್ಯಾನ್ ಮಕ್ಕಳಿಗೆ ಅದು ಅನ್ವಯಿಸಲಿಲ್ಲ, ಕೊನೆಗೆ ಆ ಯೋಜನೆಯೂ ನಿಂತಿತು.

ಅವನು ಸ್ಕೂಟರ್ ಕೇಳುವಾಗ ಬೇಕಾಗಿರುವುದು ಎಂಜಿನ್ನೇ ಎಂದು ನನಗನಿಸುವುದಿಲ್ಲ. ಅಪ್ಪನ ಹಿಂದೆ ಕೂತು ಕಾಲೇಜಿನ ಗೇಟಿಗೆ ಇಳಿಯುವುದು ನಾಚಿಕೆ. ಟ್ಯೂಷನ್ ಬಿಟ್ಟ ಮೇಲೆ ಗೆಳೆಯರ ಜೊತೆ ಬೇಕರಿಯ ಮುಂದೆ ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ, ಅಪ್ಪ ಕಾಯುತ್ತಿರುತ್ತಾರೆ. ಆ ಆಸೆ ಪೂರ್ತಿ ನ್ಯಾಯವಾದದ್ದು. ಗಾಡಿ ಕೊಡುವುದಿಲ್ಲ ಎಂದು ಮಾತ್ರ ಹೇಳಿ ಸುಮ್ಮನಾದರೆ ಅವನು ಗೆಳೆಯನ ಗಾಡಿ ಓಡಿಸುತ್ತಾನೆ. ಕಾಲೇಜಿನವರು ಗೇಟಿನೊಳಗೆ ಬಿಡದ ಗಾಡಿಗಳು ಪಕ್ಕದ ಜೆರಾಕ್ಸ್ ಅಂಗಡಿಯ ಮುಂದೆ ಸಾಲಾಗಿ ನಿಂತಿರುತ್ತವೆ, ನೀವೇ ನೋಡಿದ್ದೀರಿ. ಹಾಗಾಗಿ ಗಾಡಿ ಬೇಡ, ಸ್ವಾತಂತ್ರ್ಯ ಇವತ್ತಿನಿಂದಲೇ ಎಂದು ಹೇಳಬೇಕು, ಹಾಗೇ ನಡೆದುಕೊಳ್ಳಬೇಕು.

ಹೇಗೆ? ಹಗಲಿನ ಕಾಲೇಜಿಗೆ ಬಸ್ಸಿದೆ ಎಂದಾಯಿತು. ಕೆಎಸ್‌ಆರ್‌ಟಿಸಿಯ ವಿದ್ಯಾರ್ಥಿ ಪಾಸ್ ಮಾಡಿಸಿ. ಅರ್ಜಿ ಹಾಕುವುದು, ಪಾಸ್ ತರುವುದು ಅವನೇ ಮಾಡಲಿ. ಹೆದ್ದಾರಿವರೆಗೆ ಸೈಕಲ್ ತುಳಿದು, ಅಲ್ಲಿ ಪರಿಚಯದ ಅಂಗಡಿಯ ಹಿಂದೆ ಬೀಗ ಹಾಕಿ ನಿಲ್ಲಿಸಿ ಬಸ್ ಹತ್ತಲಿ. ಹೆದ್ದಾರಿಯ ಮೇಲೆ ಎಂಟು ಕಿಲೋಮೀಟರ್ ಸೈಕಲ್ ಬೇಡ, ಕತ್ತಲಲ್ಲಂತೂ ಬೇಡವೇ ಬೇಡ. ಸೈಕಲ್ ಆದ ಮಾತ್ರಕ್ಕೆ ಲಾರಿ ಕರುಣೆ ತೋರಿಸುವುದಿಲ್ಲ. ಸಂಜೆ ಬರುವ ಹೊತ್ತಿನಲ್ಲಿ ಒಂದು ಗಂಟೆಯ ಸಡಿಲ ಕೊಡಿ. ಎಲ್ಲಿದ್ದೀಯ ಎಂದು ನಡುವೆ ಫೋನ್ ಮಾಡಬೇಡಿ. ತಿಂಗಳಿಗೊಮ್ಮೆ ಮನೆಯ ಕೆಲಸವೊಂದನ್ನು ಹೊರಿಸಿ ಹಾಸನಕ್ಕೆ ಒಬ್ಬನನ್ನೇ ಕಳಿಸಿ: ಬ್ಯಾಂಕಿನದೋ ಕೃಷಿ ಇಲಾಖೆಯದೋ ಏನಾದರೂ ಇರಲಿ. ದೊಡ್ಡವನೆಂದು ಅವನಿಗೆ ಅನ್ನಿಸಬೇಕಾದ್ದು ಅಲ್ಲಿ.

ಬೆಳಗಿನ ಆರರ ಟ್ಯೂಷನ್ನೇ ಇಲ್ಲಿ ನಿಜವಾದ ಗಂಟು. ಆ ಹೊತ್ತಿಗೆ ತರಗತಿ ಇಡುವವರ ಮೇಲೆ ನನಗೆ ಬೇರೆಯೇ ಸಿಟ್ಟಿದೆ. ಹದಿಹರೆಯದಲ್ಲಿ ನಿದ್ದೆ ಬರುವುದೇ ತಡ, ಏಳುವುದೂ ತಡ. ಅದು ಸೋಮಾರಿತನವಲ್ಲ, ಮೈಯ ಗಡಿಯಾರ. ಅರೆನಿದ್ದೆಯ ಹುಡುಗರನ್ನು ಮಂಜು ಮುಸುಕಿದ ರಸ್ತೆಗೆ ಇಳಿಸುವ ಈ ಪದ್ಧತಿಯನ್ನು ಯಾವ ಪೋಷಕರೂ ಪ್ರಶ್ನಿಸುವುದಿಲ್ಲ, ಫೀಸು ಕಟ್ಟಿ ಬರುತ್ತಾರೆ. ಅದೇ ಬ್ಯಾಚಿನಲ್ಲಿ ನಿಮ್ಮ ಕಡೆಯಿಂದ ಇನ್ನೆಷ್ಟು ಮಕ್ಕಳಿದ್ದಾರೆ ನೋಡಿ. ಮೂರ್ನಾಲ್ಕು ಮನೆಯವರು ಸೇರಿ ಕೇಳಿದರೆ ಸಂಜೆಯ ಬ್ಯಾಚ್ ಆಗುತ್ತದೆ, ಶುಲ್ಕ ಕಳೆದುಕೊಳ್ಳಲು ಯಾರೂ ಬಯಸುವುದಿಲ್ಲ. ಆಗದಿದ್ದರೆ ಅದೇ ಮೂರ್ನಾಲ್ಕು ಮನೆಯವರು ಸರದಿ ಹಾಕಿಕೊಳ್ಳಿ, ಅಥವಾ ಊರಿನ ಆಟೊದವರಿಗೆ ತಿಂಗಳ ಲೆಕ್ಕ ಮಾತಾಡಿ. ನಿಮ್ಮ ಯಜಮಾನರ ಹಾಲಿನ ಹೊತ್ತು ಉಳಿಯುತ್ತದೆ. ಇನ್ನೊಂದು ದಾರಿ ನಿಧಾನದ್ದು, ಆದರೂ ಬಿಡಬೇಡಿ: ಪ್ರಿನ್ಸಿಪಾಲರಿಂದ ಪತ್ರ ಬರೆಸಿ, ಎಷ್ಟು ವಿದ್ಯಾರ್ಥಿಗಳು ಯಾವ ನಿಲ್ದಾಣದಿಂದ ಎಂಬ ಪಟ್ಟಿಯೊಂದಿಗೆ ಡಿಪೊ ಮ್ಯಾನೇಜರಿಗೆ ಕೊಡಿ. ಬಸ್ಸು ಬೇಕು ಎಂಬ ಬರೀ ಮಾತಿಗಿಂತ ಪಟ್ಟಿಗೆ ತೂಕ ಹೆಚ್ಚು.

ಮಗಳ ಬಗ್ಗೆ ‘ಆ ಚಿಂತೆಯಿಲ್ಲ’ ಎಂದಿದ್ದೀರಿ. ನನಗೆ ಅವಳದೇ ಹೆಚ್ಚು ಚಿಂತೆ. ಅಣ್ಣನಿಗೆ ಓಡಾಟ ಬೇಕು ಎಂದು ಮನೆಯೆಲ್ಲ ತಲೆ ಕೆಡಿಸಿಕೊಂಡಿದೆ. ಅವಳು ಕೇಳದಿರುವುದಕ್ಕೆ ಕಾರಣ ಕೇಳಿದರೂ ಸಿಗುವುದಿಲ್ಲವೆಂದು ಗೊತ್ತಿರುವುದೂ ಇರಬಹುದು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಡಲು ಶುರು ಮಾಡಿದರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಲೆಕ್ಕಹಾಕಿ ನೋಡಿದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದು ಭಾಗದಷ್ಟು ಏರಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲ. ನಿಮ್ಮ ಮಗಳ ಪಾಲಿಗೆ ಹಾಸನದವರೆಗಿನ ದಾರಿ ಈಗಲೇ ತೆರೆದಿದೆ. ರಜೆಯಲ್ಲಿ ಮೊದಲು ನಿಮ್ಮ ಜೊತೆ, ಆಮೇಲೆ ಗೆಳತಿಯೊಬ್ಬಳ ಜೊತೆ, ಆಮೇಲೆ ಒಬ್ಬಳೇ ಹೋಗಿ ಬರಲಿ. ಸೈಕಲ್ ಮನೆಯಲ್ಲಿ ಒಂದೇ ಇದ್ದರೆ ಇನ್ನೊಂದು ತನ್ನಿ. ಹದಿನೆಂಟಕ್ಕೆ ಸ್ಕೂಟರ್ ಕಲಿಸುವಾಗಲೂ ಇಬ್ಬರಿಗೂ ಒಂದೇ ನಿಯಮ ಇರಲಿ.

ಆ ಹದಿನೆಂಟು ಬಂದಾಗ ಏನು ಮಾಡಬೇಕೆಂದು ಈಗಲೇ ಮಗನಿಗೆ ಹೇಳಿಡಿ. ಕಾಯುವುದಕ್ಕೆ ಕೊನೆಯಿದೆ ಎಂದು ಗೊತ್ತಾದರೆ ಹಟ ಅರ್ಧ ಇಳಿಯುತ್ತದೆ. ಎಲ್ಎಲ್‌ಆರ್ ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು; ಬಂದ ಮೂವತ್ತು ದಿನದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು, ಆರು ತಿಂಗಳ ಅವಧಿ ಇರುತ್ತದೆ. ಮೂವತ್ತೊಂದನೇ ದಿನಕ್ಕೆ ಓಡಬೇಡಿ, ಆರು ತಿಂಗಳನ್ನೂ ಬಳಸಿಕೊಳ್ಳಿ. ಎಲ್ ಬೋರ್ಡ್ ಇರುವಾಗ ಲೈಸೆನ್ಸ್ ಇರುವ, ಕಲಿಸುವವರ ಹೊರತು ಹಿಂದೆ ಯಾರನ್ನೂ ಕೂರಿಸುವಂತಿಲ್ಲ ಎಂದು ನಿಯಮವೇ ಇದೆ. ಕಣದಲ್ಲಿ ಮೊದಲು ನಿಲ್ಲಿಸುವುದನ್ನು ಕಲಿಸಿ, ಓಡಿಸುವುದನ್ನು ಆಮೇಲೆ. ಒಣ ಮಣ್ಣು, ಒದ್ದೆ ಮಣ್ಣು ಎರಡರಲ್ಲೂ ಎರಡೂ ಬ್ರೇಕು ಹಿಡಿದು ನಿಲ್ಲಿಸಲಿ. 40ರ ವೇಗದಲ್ಲಿ ಕಣ್ಣಿಗೆ ಕಂಡು ಗಾಡಿ ನಿಲ್ಲುವ ಹೊತ್ತಿಗೆ 27 ಮೀಟರಿನಷ್ಟು ದೂರ ಹೋಗಿರುತ್ತದೆ, 60ರಲ್ಲಿ 48 ಮೀಟರಿನ ಸುಮಾರು. ಹಗ್ಗ ಹಿಡಿದು ಅಳೆದು ತೋರಿಸಿ. ಹೇಳಿದ್ದಕ್ಕಿಂತ ಅಳೆದದ್ದು ತಲೆಯಲ್ಲಿ ಉಳಿಯುತ್ತದೆ.

ಲೈಸೆನ್ಸ್ ಬಂದ ಮೇಲಿನ ಮೊದಲ ವರ್ಷಕ್ಕೆ ಕ್ಯಾಲಿಫೋರ್ನಿಯಾದ ನಿಯಮವನ್ನೇ ಮನೆಯ ನಿಯಮ ಮಾಡಿಕೊಳ್ಳಿ. ಆ ಹನ್ನೆರಡು ತಿಂಗಳು ಹಿಂದೆ ಗೆಳೆಯರಿಲ್ಲ, ಕತ್ತಲಾದ ಮೇಲೆ ಹೆದ್ದಾರಿ ಇಲ್ಲ, ಫೋನ್ ಸೀಟಿನ ಕೆಳಗಿನ ಡಿಕ್ಕಿಯಲ್ಲಿ. ಐಎಸ್‌ಐ ಗುರುತಿನ, ಗದ್ದ ಮುಚ್ಚುವ ಹೆಲ್ಮೆಟ್, ಪಟ್ಟಿ ಬಿಗಿದಿರಬೇಕು. ಇದೇ ನಿಯಮ ಯಜಮಾನರಿಗೂ ಅನ್ವಯವಾಗಬೇಕು ಎಂಬುದು ಕಷ್ಟದ ಭಾಗ. ಡೇರಿಗೆ ಹೋಗುವಾಗ ಅಪ್ಪ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೋಗುತ್ತಿದ್ದರೆ ಮಗನಿಗೆ ಬೇರೆ ಪಾಠ ಬೇಕಿಲ್ಲ.

ಈ ವಾರವೇ ಮಾಡಬೇಕಾದ್ದು ಇಷ್ಟು. ಕೀಯನ್ನು ಮೊಳೆಯಿಂದ ತೆಗೆದು ಬೀರುವಿನಲ್ಲಿಡಿ. 44.8 ಲಕ್ಷದ ಲೆಕ್ಕವನ್ನು ಯಜಮಾನರು, ಮಗ ಇಬ್ಬರನ್ನೂ ಕೂರಿಸಿ ಕಾಗದದ ಮೇಲೆ ಬರೆದು ತೋರಿಸಿ. ಸೈನ್ಸ್ ಹುಡುಗ, ಗುಣಾಕಾರ ಅವನೇ ಮಾಡಲಿ. ಸ್ಕೂಟರಿನ ಪಾಲಿಸಿ ತೆಗೆದು ಅವಧಿ ಮುಗಿದಿದೆಯೇ ನೋಡಿ, ಹಳ್ಳಿಗಳಲ್ಲಿ ಐದು ವರ್ಷದ ಮೊದಲ ಪಾಲಿಸಿ ಮುಗಿದ ಮೇಲೆ ಮರೆತೇ ಹೋಗಿರುತ್ತದೆ. ಮಗ ಮುಂದೆ ಅಪ್ಪನ ಹೆಸರಿನ ಗಾಡಿಯನ್ನೇ ಓಡಿಸುವುದಾದರೆ ಮಾಲೀಕರಿಗಿರುವ 15 ಲಕ್ಷದ ವಿಮೆ ಲೈಸೆನ್ಸ್ ಬಂದ ಮೇಲೂ ಅವನಿಗೆ ತಾನಾಗಿ ಸಿಗುವುದಿಲ್ಲ. ಅವನ ಹೆಸರಿಗೇ ಬೇರೊಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಬೇಕು. ಅದನ್ನು ಮಾತ್ರ ಹದಿನೆಂಟರವರೆಗೆ ಕಾಯದೆ ಈಗಲೇ ವಿಚಾರಿಸಿ, ಬಸ್ಸಿನಲ್ಲಿ ಓಡಾಡುವವರಿಗೂ ಅದು ಅನ್ವಯಿಸುತ್ತದೆ.